ತಿರುವಿಗೆ ಮುಂಚೆ ಲಾಕ್ ತೆಗೆ

ಜೂನ್ 3, ಮಂಗಳವಾರ

ಇವತ್ತೂ ಗ್ಯಾರೇಜಿನಲ್ಲಿ ಬೇರೆ ಕೆಲಸ ಆಗಲಿಲ್ಲ. ಎರಡು ಎಟಿವಿ, ಅಂದರೆ ಗುಡ್ಡ ಹತ್ತುವ ನಾಲ್ಕು ಚಕ್ರದ ಬೈಕು, ಬಂದು ನಿಂತಿವೆ, ಭಾವಮೈದನ ಷೋರೂಮಿನವು. ಓಡಿಸಿ ನೋಡಿ ಒಂದು ಇಟ್ಟುಕೊಳ್ಳಬೇಕು, ಇನ್ನೊಂದು ವಾಪಸ್. ನನಗಲ್ಲ, ನನ್ನವಳಿಗೆ. ದನದ ಡಾಕ್ಟರು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಜೀಪು ಹತ್ತುವುದಿಲ್ಲ, ನಡೆದರೆ ಅರ್ಧ ದಿನ. ಹತ್ತಲಾಗದಿದ್ದರೆ ಇನ್ನು ಆಫೀಸಿನಲ್ಲೇ ಕೂರಿ ಅಂದಿದ್ದಾರೆ ಮೇಲಿನವರು. ಆಫೀಸಿನಲ್ಲಿ ಕೂತರೆ ಸೊರಗಿಬಿಡುತ್ತಾಳೆ.

ಕೆಂಪು ಗಾಡಿ ಆಟೊಮ್ಯಾಟಿಕ್. ಹಿಂದಿನ ಚಕ್ರ ಜಾರಿದರೆ ಮಾತ್ರ ಮುಂದಿನವು ಎಳೆಯುತ್ತವೆ. ಹಸಿರಿನಲ್ಲಿ ಬಟನ್ ಒತ್ತಿದರೆ ಮುಂದಿನ ಡಿಫರೆನ್ಷಿಯಲ್ ಲಾಕ್ — ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ನೋಡುವುದಕ್ಕೇನಿದೆ? ಹಸಿರೇ.

"ಭಾವ, ಕೆಂಪುದನ್ನೂ ಸರಿಯಾಗಿ ನೋಡಿ" ಅಂದ ಭಾವಮೈದ. ಅದರಲ್ಲಿ ಲಾಭ ಜಾಸ್ತಿ ಇರಬೇಕು, ಕಳ್ಳ.

ಜೂನ್ 4, ಸಂಜೆ

ಎರಡನ್ನೂ ಗುಡ್ಡ ಹತ್ತಿಸಿದೆ. ಕೆಂಪು ಗಾಡಿ ಜೇಡಿಮಣ್ಣಿನಲ್ಲಿ ಮೊದಲು ಜಾರಿ, ಆಮೇಲೆ ಎಚ್ಚರವಾಗುತ್ತದೆ. ಇಳಿಯುವಾಗ ಇನ್ನೂ ಕಷ್ಟ — ಇಂಜಿನ್ ಹಿಂದಿನ ಚಕ್ರಗಳನ್ನಷ್ಟೇ ತಡೆಯುತ್ತದೆ, ಮುಂದಿನವು ಉರುಳಿಕೊಂಡು ಹೋಗುತ್ತವೆ. ಹಸಿರು ಮಾತ್ರ... ಸಂಜೆ ಹಸು ಮನೆಗೆ ಬಂದಂತೆ ನೆಟ್ಟಗೆ ಹತ್ತಿತು. ತಿರುವಿನಲ್ಲಿ ಹ್ಯಾಂಡಲ್ ಸ್ವಲ್ಪ ಬಿಗಿ. ಪರವಾಗಿಲ್ಲ.

"ಮುಗೀತಾ ನಿಮ್ಮ ಆಟ? ನನ್ಗೆ ಯಾವಾಗ ಕೊಡ್ತೀರಿ?" ಅಂತ ಕೇಳಿದಳು. ಚಿಕ್ಕ ಮಕ್ಕಳ ಹಾಗೆ ಕಣ್ಣರಳಿಸಿಕೊಂಡು.

ಜೂನ್ 7, ಶನಿವಾರ

ಹಸಿರನ್ನು ಕೊಟ್ಟೆ. ಏರು ಚೆನ್ನಾಗಿ ಹತ್ತಿದಳು. ತಿರುವು ಬಂತು, ಗಾಡಿ ತಿರುಗಲಿಲ್ಲ. ಸೀದಾ ಪೊದೆಯೊಳಗೆ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ತಲೆ ತುಂಬ ಎಲೆ, ನಗುತ್ತಾ ಕೂತಿದ್ದಳು.

"ರಸ್ತೆ ತಿರುಗ್ತು ಕಣ್ರೀ. ಗಾಡಿಗೆ ಗೊತ್ತಾಗ್ಲಿಲ್ಲ."

ಗಾಡಿಯಿಂದ ಇಳಿಯುವಾಗ ಬಲ ಭುಜ ಹಿಡಿದುಕೊಂಡಳು. ಆಗ ನಗು ಇರಲಿಲ್ಲ.

ಲಾಕ್ ಹಾಕಿದರೆ ಎರಡು ಚಕ್ರಕ್ಕೂ ನೆಟ್ಟಗೆ ಹೋಗುವುದೇ ಇಷ್ಟ. ತಿರುಗಿಸಲು ರಟ್ಟೆಯಲ್ಲಿ ಬಲ ಬೇಕು. ನನಗಿದೆ. ನನ್ನ ರಟ್ಟೆಯಿಂದ ಅಳೆದು ಅವಳಿಗೆ ಗಾಡಿ ಆರಿಸಿದ್ದೆ, ಬುದ್ಧಿವಂತ! ಈಚೆಗೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಳೆ, ನೋಡಿಯೂ ಕೇಳಿರಲಿಲ್ಲ.

"ಭುಜ ನೋವು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೂ ಆಫೀಸಲ್ಲೇ ಕೂತ್ಕೋ ಅಂತಿದ್ರಿ."

ಅನ್ನುತ್ತಿದ್ದೆ.

ಜೂನ್ 8

ಭಾವಮೈದ ಬಂದಿದ್ದ. "ಅಕ್ಕನ ಭುಜ ನೋಡೇ ಕೆಂಪುದು ಅಂದಿದ್ದು ಭಾವ. ಅದರ ಹ್ಯಾಂಡಲ್ ಹಗುರ." ಕಳ್ಳ ಅಂದದ್ದು ವಾಪಸ್. ಆದರೂ ಆ ಇಳಿಜಾರಿನಲ್ಲಿ ಕೆಂಪು ಬೇಡ ಅಂದೆ. ಅವನು ಬೇಕು ಅಂದ. ದನಿ ಏರಿತು.

"ಗಾಡಿ ಓಡ್ಸೋದು ಯಾರು?" ಅಂದಳು ಅಡುಗೆಮನೆಯಿಂದ. ಹೊರಗೆ ಬಂದಳು. "ಹಸಿರೇ ಇರ್ಲಿ. ನೆಟ್ಟಗಿರೋ ಕಡೆ ಲಾಕ್ ಹಾಕ್ತೀನಿ, ತಿರುವಿಗೆ ಮುಂಚೆ ತೆಗೀತೀನಿ. ಆ ಬಟನ್ ಮಾತ್ರ ಈ ಕಡೆ ಹಾಕ್ಕೊಡಿ."

ಎಡಗೈ ತೋರಿಸಿದಳು. ಸರಿ ಅಲ್ಲವೇ! ಆಕ್ಸಿಲರೇಟರೂ ಬಟನ್ನೂ ಬಲ ಹೆಬ್ಬೆರಳಿಗೇ ಅಂಟಿಕೊಂಡಿವೆ. ಒಂದೇ ಬೆರಳು ಎಷ್ಟು ಅಂತ ಮಾಡೀತು? ವೈರ್ ಬಿಚ್ಚಿ ಕೂತೆ. ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಳು. ಕೆಲಸ ಬೇಗ ಮುಗಿಯದಿದ್ದರೂ ಸರಿ ಅನ್ನಿಸಿತು.

ಜೂನ್ 12, ಗುರುವಾರ

ದಿನಾ ಪ್ರಾಕ್ಟೀಸು. ನನಗೆ ಬೈಗುಳ, ಗಾಡಿಗೆ ಮುದ್ದು. ಇವತ್ತು ಒಬ್ಬಳೇ ಹೋದಳು. ಹಿಂದೆ ಬರಬೇಡಿ ಅಂದಿದ್ದಳು. ಬಂದು ಗುಡ್ಡದ ಬುಡದಲ್ಲಿ ಕೂತಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಫೋನು! "ಹತ್ತಿದೆ ಕಣ್ರೀ!" ಹಿಂದೆ ಕರು ಕೂಗುತ್ತಿತ್ತು.

"ಭುಜ?"

"ಜಾಗದಲ್ಲೇ ಇದೆ. ಇಡಿ, ಕೆಲಸ ಇದೆ."

ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇಂಜಿನ್ ಸದ್ದು ಕೇಳಿದ್ದೇನೆ, ಯಾವುದಕ್ಕೂ ಹೀಗೆ ಕಾದವನಲ್ಲ.

ಕೇಳಿಸಿತು. ಇಳಿಯುತ್ತಿದ್ದಾಳೆ. ನಿಧಾನ... ಹಾಗೇ. ಕೊನೆಯ ತಿರುವು. ತಿರುಗಿತು! ನನ್ನನ್ನು ನೋಡಿಬಿಟ್ಟಳು. ಬೈಯುತ್ತಾಳೆ ಈಗ. ಇಲ್ಲ, ನಗುತ್ತಿದ್ದಾಳೆ. ಒಂದು ಕೈ ಬಿಟ್ಟು ಬೀಸುತ್ತಿದ್ದಾಳೆ — ಅಯ್ಯೋ, ಹ್ಯಾಂಡಲ್ ಹಿಡ್ಕೊಳೇ, ಎರಡೂ ಕೈ—