ದುರಸ್ತಿ ಎಂದು ಬರೆಸಿದ ಕೋಣೆ

ಬೆಳಗಾವಿ
೧೪ ಜುಲೈ ೨೦೨೫

ಯಲ್ಲೇಶ ಅವರಿಗೆ,

ನಮಸ್ಕಾರ. ನಾವು ಬೇರೆಯಾಗಿ ಮೂರು ವರ್ಷವಾಯಿತು. ಗಂಡನಿಗೆ ಏನು ಬರೆಯುತ್ತಾರೋ ಮರೆತಿದೆ. ಇದನ್ನು ನಾನು ಕೆಲಸ ಮಾಡುವ ತೆರಿಗೆ ಸಲಹೆಗಾರರ ಆಫೀಸಿನ ಕಾಗದವೆಂದೇ ಓದಿ. ಖಾನಾಪುರದಿಂದ ನೀವು ಕಳಿಸಿದ ಖರ್ಚಿನ ಪಟ್ಟಿ ಸಿಕ್ಕಿತು. ನೆಹರು ನಗರದ ನಮ್ಮಿಬ್ಬರ ಹೆಸರಿನ, ಬಾಡಿಗೆಗೆ ಕೊಟ್ಟ ಮನೆಯನ್ನು ಮಾರಬೇಕು, ಅದಕ್ಕೆ ನನ್ನ ಸಹಿ ಬೇಕು, ತೆರಿಗೆಯೂ ಕಡಿಮೆ ಬರಬೇಕು ಎಂದಿದ್ದೀರಿ.

ಸುಣ್ಣಬಣ್ಣ, ನಲ್ಲಿ, ಸೋರುವ ಮಾಳಿಗೆ ಇವೆಲ್ಲ ದುರಸ್ತಿ. ಅದರ ಲೆಕ್ಕಕ್ಕೆ ಬಾಡಿಗೆ ಆದಾಯದಲ್ಲಿ ನೂರಕ್ಕೆ ಮೂವತ್ತನ್ನು ಸರ್ಕಾರ ತಾನಾಗಿಯೇ ಬಿಡುತ್ತದೆ. ನೀವು ಒಂದು ರೂಪಾಯಿ ಹಾಕಿದರೂ ಅಷ್ಟೇ, ಲಕ್ಷ ಸುರಿದರೂ ಅಷ್ಟೇ. ಮೇಲಿನ ಕೋಣೆಯ ಮಾತು ಬೇರೆ. ಅದು ಹೊಸದಾಗಿ ಕಟ್ಟಿದ್ದು, ಸುಧಾರಣೆ. ಮಾರುವಾಗ ಅದರ ಖರ್ಚು ಮನೆಯ ಮೂಲ ಬೆಲೆಗೆ ಸೇರುತ್ತದೆ, ಲಾಭ ಕಡಿಮೆಯಾಗಿ ತೆರಿಗೆ ಇಳಿಯುತ್ತದೆ.

ಆದರೆ ಆ ಕೋಣೆ ಕಟ್ಟಿದ ಗೌಂಡಿ ಚಾಂದಸಾಬರು ಕೊಟ್ಟ ಪಾವತಿ ಚೀಟಿಯಲ್ಲಿ "ಮಾಳಿಗೆ ದುರಸ್ತಿ" ಎಂದಿದೆ. ಪರವಾನಗಿ ತೆಗೆಸುವ ರಗಳೆ ಬೇಡವೆಂದು ಹಾಗೆ ಬರೆಸಿದವರು ನೀವೇ. ಹಳೇ ತಾರೀಖಿನ ಹೊಸ ಪಾವತಿ ಬರೆಸು ಎಂದಿರಲ್ಲ, ಹೋಗಿ ಕೇಳಿದೆ. "ಅಕ್ಕಾರ, ಅವತ್ತ ಸಾಹೇಬ್ರ ಮಾತ ಕೇಳಿ ಒಂದ ಸುಳ್ಳ ಬರದೇನ್ರಿ. ಅದನ್ನ ಖರೇ ಮಾಡಾಕ ಇನ್ನೊಂದ ಸುಳ್ಳ ಬರಿಯಂಗಿಲ್ರಿ," ಎಂದರು. ನನಗೆ ನಾಚಿಕೆಯಾಯಿತು. ಅವರು ಕೊಟ್ಟ ಚಹಾ ಕುಡಿದು ಬಂದೆ.

ಬೇರೆ ಪುರಾವೆ ಇದೆ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದಕ್ಕೂ ಹಣ ಹೋದದ್ದು ನನ್ನ ಬ್ಯಾಂಕ್ ಖಾತೆಯಿಂದ, ನಾನು ಕೈಯ ಬಂಗಾರದ ಪಾಟಲಿ ಮಾರಿದ ವಾರದಲ್ಲಿ. ಅದನ್ನು ತೋರಿಸಬಹುದು. ಆದರೆ ಈ ಮನೆಗೆ ನಾನು ಒಂದು ಪೈಸೆಯನ್ನೂ ಹಾಕಿಲ್ಲವೆಂದು ನಿಮ್ಮ ವಕೀಲರು ಕಳಿಸಿದ ನೋಟಿಸಿನ ಗತಿ ಏನು? ಅದನ್ನು ಓದಿದ ದಿನ ಸಿಟ್ಟಿಗೆ ನನಗೆ ಊಟ ಸೇರಲಿಲ್ಲ. ನೆಂಟರ ಮೇಲೂ ಪ್ರೀತಿ, ಅಕ್ಕಿಯ ಮೇಲೂ ಆಸೆ ಎಂದರೆ ಹೇಗೆ ಮಾರಾಯರೇ?

ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳಿ. ಕೋಣೆ ತ್ರಿವೇಣಿಯ ದುಡ್ಡಿನಲ್ಲಿ ಕಟ್ಟಿದ್ದು ಎಂದು ನಿಮ್ಮ ಕೈಯಾರೆ ಬರೆದುಕೊಡಿ. ಸಹಿ ಹಾಕುತ್ತೇನೆ. ಆ ಖರ್ಚಿನ ಲಾಭ ಆಗಲೂ ನನ್ನ ಪಾಲಿನ ತೆರಿಗೆಗೇ ಸಿಗುತ್ತದೆ, ನಿಮ್ಮದಕ್ಕಲ್ಲ. ಇದನ್ನೂ ತಿಳಿದಿರಿ.

ಇತಿ,
ತ್ರಿವೇಣಿ

ತಾ.ಕ.: ಜೂನ್‌ನಿಂದ ಮೇಲಿನ ಕೋಣೆಯಲ್ಲಿ ಇರುವವರು ಯಾರೆಂದು ಕೇಳಿದ್ದಿರಿ. ನಾನೇ. ಅಣ್ಣನ ಮನೆಯಲ್ಲಿದ್ದದ್ದು ಸಾಕಾಯಿತು. ಕೋಣೆಯ ಬಾಡಿಗೆಯಲ್ಲಿ ನಿಮ್ಮ ಅರ್ಧ ಪಾಲನ್ನು ಒಂದನೇ ತಾರೀಖಿಗೆ ತಪ್ಪದೆ ನಿಮ್ಮ ಖಾತೆಗೆ ಹಾಕುತ್ತಿದ್ದೇನೆ. ಮನೆ ಮಾರಬೇಡಿ ಎಂದು ಒಂದೇ ಸಾಲು ಬರೆಯಲು ಕೂತವಳು ಇಷ್ಟೆಲ್ಲ ಕಾನೂನು ಬರೆದೆ.