ಹೊಲಿಸದ ರವಿಕೆ ಬಟ್ಟೆ ಮತ್ತು ಮಂಜಿನ ಸುಂಕ

ಕೆಂಗುಡ್ಡ ವಸಾಹತು, ಮಂಗಳ ಗ್ರಹ
ಕ್ರಿ.ಶ. ೨೩೪೧, ಹತ್ತೊಂಬತ್ತನೇ ತಿಂಗಳ ಮೂವತ್ತೆಂಟನೇ ತಾರೀಕು

ಪೂಜ್ಯ ಪೂರ್ವಿಕರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ, ಇಲ್ಲಿ ವರ್ಷ ಉದ್ದ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ನೀರಿಲ್ಲ. ಪಕ್ಕದ ಹಿಮನಾಡಿನಿಂದ ಮಂಜುಗಡ್ಡೆ ತರಿಸಿ ಕರಗಿಸಿ ಕುಡಿಯುತ್ತೇವೆ. ಅದರ ಮೇಲೆ ಸುಂಕ ಬಿದ್ದರೆ ತಲೆಗೊಂದು ಬಿಂದಿಗೆ ಇರುವುದು ಅರ್ಧಕ್ಕಿಳಿಯುತ್ತದೆ. ಸುಂಕ ಬೇಡವೆಂದು ಒಪ್ಪಂದ ಮಾಡಿಕೊಳ್ಳಲು ನಮ್ಮ ಅಧ್ಯಕ್ಷೆ ನೀಲಾಂಬಿಕಕ್ಕ ಹೊರಟರು. ಬರೆದುಕೊಳ್ಳಲು ನಾನು.

ಹಿಮನಾಡಿನ ಸುಂಕಾಧಿಕಾರಿ ಆಸ್ಕರ್ ಸಾಹೇಬರು ಮೊದಲ ಮಾತಿಗೇ ಬಾಂಬು ಹಾಕಿದರು.

"ವರ್ಷಕ್ಕೆ ಆರುನೂರು ತುಂಡು ಬಟ್ಟೆ ನಮ್ಮ ದೇಶಕ್ಕೆ ಕಳಿಸ್ತೀರಿ. ಇಷ್ಟು ದೊಡ್ಡ ಜವಳಿ ದೇಶಕ್ಕೆ ರಿಯಾಯಿತಿ ಯಾಕಮ್ಮ?"

ನಾನು ಬೆಚ್ಚಿಬಿದ್ದೆ. ನಮ್ಮಲ್ಲಿ ಮಗ್ಗವಿರಲಿ, ನೂಲಿನ ಉಂಡೆಯೂ ಇಲ್ಲ! ಆದರೆ ಗಡಿಯ ಸುಂಕಗಣ್ಣು, ಅಂದರೆ ಒಳಗೆ ಹೋಗುವುದನ್ನೆಲ್ಲ ಚಿತ್ರ ತೆಗೆದು ಎಣಿಸುವ ಯಂತ್ರ, ಸುಳ್ಳು ಹೇಳುವುದಿಲ್ಲ.

ನೀಲಾಂಬಿಕಕ್ಕ ಮಾತ್ರ ನಗು ತಡೆದುಕೊಂಡು, "ಆ ಚಿತ್ರಗಳನ್ನ ತೋರಿಸಿ ಸ್ವಾಮಿ" ಎಂದರು.

ಆರುನೂರು ಚಿತ್ರ. ಎಲ್ಲದರಲ್ಲೂ ಗಿಣಿಹಸಿರು ರವಿಕೆ ಬಟ್ಟೆ. ಎಲ್ಲದರ ಎಡಮೂಲೆಯಲ್ಲೂ ಅದೇ ಅರಿಶಿನದ ಕಲೆ.

"ಒಂದೇ ತುಂಡು ಕಣ್ರೀ!" ಎಂದರು ನೀಲಾಂಬಿಕಕ್ಕ. "ನಮ್ಮ ಹೆಣ್ಣುಮಕ್ಕಳನ್ನ ನಿಮ್ಮೂರಿಗೆ ಕೊಟ್ಟಿದೀವಿ. ಅವರು ಕುಂಕುಮಕ್ಕೆ ಇಲ್ಲಿಗೆ ಬಂದಾಗ ನಾವು ಕೊಡ್ತೀವಿ, ನಾವು ಅಲ್ಲಿಗೆ ಹೋದಾಗ ಅವರು ಅದನ್ನೇ ಕೊಡ್ತಾರೆ. ನಿಮ್ಮ ಯಂತ್ರಕ್ಕೆ ಹೋಗಿದ್ದು ಕಾಣುತ್ತೆ, ವಾಪಸ್ ಬಂದಿದ್ದು ಕಾಣಲ್ಲ."

ಸಾಹೇಬರು ಕುರ್ಚಿಗೆ ಕುಸಿದರು. "ಹಾಗಾದ್ರೆ ಇದನ್ನ ಯಾರೂ ಹೊಲಿಸೋದೇ ಇಲ್ವಾ?"

ಈಗ ಬೆಚ್ಚುವ ಸರದಿ ನೀಲಾಂಬಿಕಕ್ಕನದು. "ಅಯ್ಯೋ ರಾಮ! ಹೊಲಿಸ್ತಾರಾ ಯಾರಾದ್ರೂ?"

ಸಾಹೇಬರು ಸುಂಕ ಮನ್ನಾ ಮಾಡಿದರು. ಆದರೆ ಮೋಸಹೋದವರಲ್ಲವೇ, ಷರತ್ತು ಹಾಕಿದರು: ಆ ಬಟ್ಟೆ ಹೊಲಿಗೆ ಕಾಣದೆ ಓಡಾಡುತ್ತಿರುವಷ್ಟು ದಿನ ಮಾತ್ರ ಅದು ಮರ್ಯಾದೆ. ಕತ್ತರಿ ಬಿದ್ದ ದಿನ ಅದು ಸರಕು, ಮಂಜಿಗೂ ಸುಂಕ. ನೀಲಾಂಬಿಕಕ್ಕ ಕಣ್ಣುಮುಚ್ಚಿ ರುಜು ಹಾಕಿದರು. ನಮ್ಮ ಹೆಂಗಸರ ಮೇಲೆ ಅವರಿಗೆ ಅಷ್ಟು ಭರವಸೆ.

ನನಗೆ ಭಯ ಹುಟ್ಟಿದ್ದು ಆಮೇಲೆ. ಹಳೆಯ ಕಡತ ತೆಗೆದು ನೋಡಿದರೆ, ಆ ತುಂಡು ಭೂಮಿಯಿಂದ ಮೊದಲ ನೌಕೆಯಲ್ಲಿ ಬಂದದ್ದು. ಅದಕ್ಕೂ ಮುಂಚೆ ನಿಮ್ಮ ಕಾಲದಲ್ಲಿ, ನಿಮ್ಮ ಮನೆಗಳಲ್ಲೇ ಸುತ್ತುತ್ತಿತ್ತಂತೆ.

ಆದ್ದರಿಂದ ಅಮ್ಮಂದಿರೇ, ಅತ್ತೆಯರೇ, ಬೀರುವಿನ ಮೇಲಿನ ಅರೆಯನ್ನು ಒಮ್ಮೆ ನೋಡಿ. ಗಿಣಿಹಸಿರು, ಎಡಮೂಲೆಯಲ್ಲಿ ಕಲೆ. ಸಿಕ್ಕರೆ ನಾಳೆಯೇ ಯಾರಿಗಾದರೂ ಕುಂಕುಮದ ಜೊತೆ ದಾಟಿಸಿಬಿಡಿ. ಈಗಾಗಲೇ ದರ್ಜಿ ಅಂಗಡಿಗೆ ಹೊರಟಿದ್ದೀರಾದರೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಅರ್ಧ ದಾರಿಯಿಂದಲೇ ಹಿಂದಿರುಗಿ.

ನಮಗೆ ಬಾಯಾರುತ್ತದೆ.

ಇಂತಿ ನಿಮ್ಮ ಇನ್ನೂ ಹುಟ್ಟದ ಮರಿಮಗ,
ತಿರುಮಲೇಶ