ಹಿಂದಿನ ಸೀಟಿನ ಲಗೇಜು

ಮಹಡಿಯ ಕೋಣೆ, ನಿನ್ನ ಕಡೆಯ ಕಿಟಕಿ
ಭಾನುವಾರ ಸಂಜೆ, ಮಾರ್ಚ್ ೧೧

ನನ್ನ ಮುದ್ದು ಗಂಡನೇ,

ಅತ್ತೆಯ ಮುಂದೆ ನಿನಗೆ "ರೀ, ಬನ್ನಿ, ಹೋಗಿ" ಎನ್ನುವುದು ಸರಿ, ಪತ್ರದಲ್ಲಿ ಯಾರ ಹೆದರಿಕೆ? ಹೇಗಿದ್ದೀಯೋ? ಕೆಮ್ಮು ಹೋಯಿತಾ? ತರಬೇತಿಯವರು ಹೊಟ್ಟೆ ತುಂಬ ಊಟ ಹಾಕುತ್ತಾರಾ? ಫೋನಿನಲ್ಲಿ ನಿನ್ನ "ಹೂಂ, ಹೂಂ" ಕೇಳುವಷ್ಟರಲ್ಲೇ ಮಾತು ಮುಗಿದುಹೋಗುತ್ತದೆ, ಅದಕ್ಕೇ ಈ ಪತ್ರ. ಇಂಗ್ಲಿಷ್ ಶಾಲೆಯವಳ ಒತ್ತಕ್ಷರ ನೋಡಿ ನಗಬೇಡ. ನಿನ್ನ ನೀಲಿ ಅಂಗಿಯನ್ನು ಒಗೆಯದೆ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ಯಾಕೆಂದು ಕೇಳಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಏನು ಬಂತು, ಇವತ್ತು ನನಗೆ ಸ್ವರ್ಗಕ್ಕೆ ಮೂರೇ ಗೇಣು! ನಿನ್ನಣ್ಣನಿಗೆ, ಅಂದರೆ ನನ್ನ ಪೂಜ್ಯ ಭಾವನವರಿಗೆ, ಎಲ್ಲರೆದುರು ನೀರಿಳಿಸಿದ್ದೇನೆ.

ಮದುವೆಯಾದ ಹೊಸದರಲ್ಲಿ ಭಾವ ತಮ್ಮ ಹಳೆಯ ಮೋಟಾರ್‌ಸೈಕಲನ್ನು ನಮಗೆ ಉಡುಗೊರೆ ಕೊಟ್ಟರಲ್ಲ, "ಮಗು ಥರ ಸಾಕಿದೀನಿ, ಹುಷಾರು" ಅಂತ? ನಾನು ಮೊದಲ ಸಲ ನಿನ್ನ ಹಿಂದೆ ಕುಳಿತಾಗ ಅದರ ಹಿಂಭಾಗ ದಡ್ಡನೆ ಕುಸಿದು, ಚಕ್ರ ಮಡ್‌ಗಾರ್ಡಿಗೆ ತಾಗಿತು. ಗೇಟಿನಲ್ಲಿ ನಿಂತಿದ್ದ ಭಾವ ಏನೆಂದರು ನೆನಪಿದೆಯಾ? "ಅಯ್ಯೋ, ನಮ್ಮ ಗಾಡಿ ಇಷ್ಟು ವರ್ಷ ಯಾರಿಗೂ ತಲೆಬಾಗಿರ್ಲಿಲ್ಲ ಕಣಮ್ಮ! ಏನು ಲಗೇಜು ತಂದ್ಯೋ ತಮ್ಮ!" ಎಲ್ಲರೂ ನಕ್ಕರು. ಆವತ್ತಿನಿಂದ ಈ ಮನೆಯಲ್ಲಿ ನಾನು ಲಗೇಜು. ಸೋಫಾದಲ್ಲಿ ಕುಳಿತರೆ "ಹುಷಾರು, ಕಾಲು ಮುರಿದೀತು", ಮೆಟ್ಟಿಲು ಹತ್ತಿದರೆ "ಮನೆಗೆ ಇನ್ನೊಂದು ಕಂಬ ನಿಲ್ಲಿಸ್ಬೇಕು". ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ. ನಿನ್ನ ಹಿಂದೆ ಕೂರುವುದನ್ನೂ ಬಿಟ್ಟೆ. ತಲೆನೋವು ಎಂದೆ, ನೀನು ನಂಬಿದೆ, ಪೆದ್ದ! ನಿನ್ನ ಬೆನ್ನಿಗೆ ಕೆನ್ನೆಯಿಟ್ಟು ಊರೆಲ್ಲ ಸುತ್ತುವ ಆಸೆಗೇ ಅರ್ಧಕ್ಕರ್ಧ ನಿನ್ನನ್ನು ಮದುವೆಯಾದವಳು ನಾನು. ಆ ಸೀಟನ್ನು ನನ್ನಿಂದ ಕಿತ್ತುಕೊಂಡವರನ್ನು ಸುಮ್ಮನೆ ಬಿಡುತ್ತೇನೆಯೇ?

ನಮ್ಮಣ್ಣ ಗಾಡಿ ಬಿಚ್ಚುವಾಗ ಟಾರ್ಚು ಹಿಡಿದೇ ಬೆಳೆದವಳು ನಾನೆಂದು ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನೀನು ಹೊರಟ ಮೇಲೆ ಒಂದು ಮಧ್ಯಾಹ್ನ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಎರಡು ಶಾಕ್ ಅಬ್ಸಾರ್ಬರ್‌ಗಳ ಕಡ್ಡಿಗಳೂ ಎಣ್ಣೆ, ಧೂಳು ಮೆತ್ತಿ ಕಪ್ಪಾಗಿದ್ದವು. ಭಾರ ಹೊರುವುದು ಸ್ಪ್ರಿಂಗು. ಕುಣಿತ ತಡೆಯುವುದು ಒಳಗಿನ ಎಣ್ಣೆ, ಅದು ಸೋರಿದರೆ ಕಥೆ ಮುಗಿಯಿತು. ಸ್ಪ್ರಿಂಗ್ ಬಿಗಿ ಮಾಡುವ ಬುಡದ ಬಳೆಗೆ ಐದು ಮೆಟ್ಟಿಲಿವೆ. ಅದು ಒಂದನೆಯದರಲ್ಲಿ, ಒಬ್ಬರೇ ಓಡಿಸುವಷ್ಟು ಮೆತ್ತಗೆ, ತುಕ್ಕು ಹಿಡಿದು ಕೂತಿತ್ತು. ನಾನು ಯಾರಿಗೂ ಹೇಳದೆ ಕಡ್ಡಿಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಭಾನುವಾರಕ್ಕೆ ಕಾದೆ.

ಇವತ್ತು ಭಾವ ಎಂದಿನಂತೆ ಬಿಳಿ ಪ್ಯಾಂಟು ಹಾಕಿಕೊಂಡು, ನಮಗೇ ಕೊಟ್ಟ ಗಾಡಿಯನ್ನು ನಮ್ಮನ್ನು ಕೇಳದೆ ಒಂದು ಸುತ್ತು ಹೊಡೆದು ಬಂದರು. ಅತ್ತೆ, ಅಕ್ಕ (ಅದೇ, ನಿನ್ನ ಅತ್ತಿಗೆ), ಪಕ್ಕದ ಮನೆಯವರು, ಎಲ್ಲರೂ ಅಂಗಳದಲ್ಲಿದ್ದರು. ನಾನು ಸಕ್ಕರೆಯಂಥ ದನಿಯಲ್ಲಿ, "ಭಾವ, ಸೀಟನ್ನ ಒಂದ್ಸಲ ಒತ್ತಿ ಬಿಡ್ತೀರಾ?" ಎಂದೆ. ಒತ್ತಿದರು. ಒಮ್ಮೆ ಎದ್ದು ಸುಮ್ಮನೆ ನಿಲ್ಲಬೇಕಾದ ಗಾಡಿ ಉಯ್ಯಾಲೆಯ ಹಾಗೆ ತೂಗಾಡಿತು. "ನಾನಿಲ್ಲೇ ನಿಂತಿದೀನಿ ಭಾವ, ಇದು ಯಾವ ಲಗೇಜು?" ಎಂದೆ. ಅವರ ಜೇಬಿನಿಂದ ಇಣುಕುತ್ತಿದ್ದ ಬಿಳಿ ಕರವಸ್ತ್ರ ಎಳೆದು, ಕಡ್ಡಿ ಒರೆಸಿ, ಎತ್ತಿ ಹಿಡಿದೆ. ಎಣ್ಣೆ! "ಸೋರಿದ್ದಲ್ಲಮ್ಮ ಅದು! ನಾನೇ ಹಚ್ಚಿದ್ದು, ಕೊಡೋ ತನಕ ವಾರವಾರ ಹಚ್ತಿದ್ದೆ, ಬಾಗಿಲ ತಿರುಗಣಿಗೆ ಹಚ್ಚಲ್ವಾ ಹಾಗೆ" ಎಂದು ಬಾಯಿಬಿಟ್ಟರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಆ ಎಣ್ಣೆಗೆ ಧೂಳು ಅಂಟಿ, ಉಪ್ಪುಕಾಗದದ ಹಾಗೆ ಉಜ್ಜಿ ಉಜ್ಜಿ ಒಳಗಿನ ಎಣ್ಣೆ ತಡೆಯುವ ರಬ್ಬರ್ ಸೀಲು ಹರಿದಿದೆ, ನಾನು ತೊಳೆದ ಮೇಲೂ ಸೋರಿದೆ ಎಂದು ಬಿಡಿಸಿ ಹೇಳಿದೆ. ಅತ್ತೆ ಏನೆಂದರು ಗೊತ್ತಾ? "ಸಾಕಿದ್ದೂ ನೀನೇ, ಸಾಯಿಸಿದ್ದೂ ನೀನೇ. ಹುಡುಗಿ ಮೇಲ್ಯಾಕೋ ಹಾಕ್ತೀಯ?" ಅವರನ್ನು ಅಲ್ಲೇ ತಬ್ಬಿಕೊಂಡೆ.

ಇಷ್ಟಕ್ಕೆ ಮುಯ್ಯಿ ತೀರುತ್ತದೆಯೇ? ಹೊಸ ಜೋಡಿ ಶಾಕ್ ತರಿಸಿಟ್ಟಿದ್ದೆ. ಚಕ್ರದ ಕೆಳಗೆ ಮರದ ತುಂಡು ಕೊಟ್ಟು, ಒಂದು ಬದಿ ಕೂರಿಸಿದ ಮೇಲೇ ಇನ್ನೊಂದು ಬದಿ ಬಿಚ್ಚಿದೆ. ಅಷ್ಟು ಹೊತ್ತೂ ಚಕ್ರ ಹಿಡಿದು ನೆಲದಲ್ಲಿ ಕೂತಿದ್ದವರು ಭಾವ, ಅದೇ ಬಿಳಿ ಪ್ಯಾಂಟಿನಲ್ಲಿ. ಇಬ್ಬರು ಕೂರುವುದಕ್ಕೆ ಮೂರನೇ ಮೆಟ್ಟಿಲು ಸಾಕು. ನಾನು ಕೊಕ್ಕೆ ಸ್ಪ್ಯಾನರ್ ಹಾಕಿ ಎರಡೂ ಬದಿ ಕಲ್ಲಿನಂತೆ ಬಿಗಿಯಾಗುವ ಐದಕ್ಕೆ ತಿರುಗಿಸಿದೆ (ಸಮ ಇಲ್ಲದಿದ್ದರೆ ಗಾಡಿ ಎಳೆಯುತ್ತದೆ, ನಾನು ಸೇಡಿನವಳು, ಕೊಲೆಗಾತಿಯಲ್ಲ). "ನೀವೇ ಮೊದಲು ಓಡಿಸಿ ಭಾವ, ಹಿರಿಯರು" ಎಂದೆ. ಕಡ್ಡಿಯಂಥ ಮನುಷ್ಯ, ಒಬ್ಬರೇ! ನಮ್ಮ ಬೀದಿಯ ಉಬ್ಬುಗಳು ನಿನಗೆ ಗೊತ್ತಲ್ಲ. ಟೈಲರ್ ಹೊಲಿಗೆ ನಿಲ್ಲಿಸಿ ನೋಡಿದನಂತೆ. ಹೋದವರು ಕೂತು ಹೋದರು, ಬಂದವರು ನಿಂತೇ ಬಂದರು. ಸೊಂಟ ಹಿಡಿದು ಇಳಿಯುವಾಗ ಮೆಲ್ಲಗೆ ಹೇಳಿದೆ: "ಲಗೇಜು ಇಲ್ದಿದ್ರೆ ಹಾಗೇ ಭಾವ, ಗಾಡಿ ಹಾರುತ್ತೆ." ರಾತ್ರಿಯೂಟ ನಿಂತೇ ಮಾಡುತ್ತಾರಂತೆ ಎಂದು ಅಕ್ಕ ಸೆರಗು ಕಚ್ಚಿ ನಗುತ್ತಿದ್ದಾರೆ. ನಾನು ಮಧ್ಯಾಹ್ನ ಮೂರು ಸಲ ಬಡಿಸಿಕೊಂಡೆ!

ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಭಾವ ಏನೂ ತಿಳಿಸಿಲ್ಲ. ಬೆಚ್ಚಗೆ ಹೊದ್ದು ಮಲಗು, ನನ್ನನ್ನೇ ಕನಸು ಕಾಣು.

ಹೊತ್ತಷ್ಟೂ ಹಗುರಾಗುವ,
ನಿನ್ನ ಹೆಂಡತಿ

ಮರೆತಿದ್ದೆ: ಆವತ್ತು ಗೇಟಿನಲ್ಲಿ ಎಲ್ಲರೂ ನಕ್ಕರು ಎಂದು ಬರೆದೆನಲ್ಲ, ನೀನೂ ನಕ್ಕೆ. ಹೆಲ್ಮೆಟ್ಟಿನೊಳಗೆ. ಬೆನ್ನಿಗೆ ಕೆನ್ನೆಯಿಟ್ಟವಳಿಗೆ ಬೆನ್ನು ಕುಲುಕಿದ್ದು ಗೊತ್ತಾಗುವುದಿಲ್ಲವೇ? ಶನಿವಾರ ಬಸ್ ನಿಲ್ದಾಣಕ್ಕೆ ನಾನೇ ಗಾಡಿ ತರುತ್ತೇನೆ. ನಾನು ಓಡಿಸುತ್ತೇನೆ, ನೀನು ಪೆಟ್ಟಿಗೆ ಹಿಡಿದು ಹಿಂದೆ. ಶಾಕ್ ಇನ್ನೂ ಐದನೇ ಮೆಟ್ಟಿಲಲ್ಲೇ ಇದೆ. ಗೇಟಿನಲ್ಲಿ ಎಲ್ಲರೆದುರು "ತಪ್ಪಾಯ್ತು" ಎಂದರೆ ಮೂರಕ್ಕೆ ಇಳಿಸುತ್ತೇನೆ. ಅಲ್ಲಿಯತನಕ ಕೊಕ್ಕೆ ಸ್ಪ್ಯಾನರ್ ನಿನ್ನ ನೀಲಿ ಅಂಗಿಯ ಜೇಬಿನಲ್ಲಿರುತ್ತದೆ.